ಮೊದಲು ಇನ್ಶೂರೆನ್ಸ್ ರೇಟು, ಆಮೇಲೆ ಕಾರು: ಹಾಸನದಿಂದ ಇಂಗ್ಲೆಂಡಿಗೆ ಕೆಲಸಕ್ಕೆ ಹೊರಟವರಿಗೆ

ನಮ್ಮ ಬೀದಿಯ ಹುಡುಗನೊಬ್ಬ ಮೊನ್ನೆ ಮನೆಗೆ ಬಂದಿದ್ದ. ನರ್ಸಿಂಗ್ ಮುಗಿಸಿ ನಾಲ್ಕು ವರ್ಷ ಹಾಸನದಲ್ಲೇ ಕೆಲಸ ಮಾಡಿದವನು. ಈಗ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. "ಅಕ್ಕ, ಅಲ್ಲಿ ಎರಡು ಸಾವಿರ ಪೌಂಡಿಗೆಲ್ಲ ಕಾರು ಸಿಗುತ್ತಂತೆ. ಹೋಗಿ ಇಳಿದ ವಾರವೇ ಒಂದು ತಗೊಂಡ್ಬಿಡ್ಲಾ?" ಅಂತ ಕೇಳಿದ.

"ಕಾರು ಸಿಗುತ್ತೆ ಕಣೋ. ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತ ನೋಡಿದ್ಯಾ?" ಅಂದೆ. ಇಲ್ಲ ಎಂದು ತಲೆಯಾಡಿಸಿದ.

ಆರು ವರ್ಷದ ಹಿಂದೆ ಅಲ್ಲಿಗೆ ಹೋದಾಗ ನಾನೂ ನೋಡಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ಶಿಫ್ಟ್, ಭಾನುವಾರ ಆ ಹೊತ್ತಿಗೆ ಬಸ್ಸೇ ಇಲ್ಲ. ಬೇಗ ಒಂದು ಕಾರು ಬೇಕಿತ್ತು. 1.6 ಲೀಟರ್ ಎಂಜಿನ್ನಿನ ಒಂದು ಕಾರು ಕಣ್ಣಿಗೆ ಬಿತ್ತು. ಬೇರೆಯವರು ಬಂದು ತಗೊಂಡುಬಿಟ್ಟರೆ ಅಂತ 200 ಪೌಂಡ್ ಅಡ್ವಾನ್ಸ್ ಕೊಟ್ಟೆ. ಆ ರಾತ್ರಿ ಇನ್ಶೂರೆನ್ಸ್ ರೇಟು ತೆಗೆದು ನೋಡಿದರೆ, ವರ್ಷದ ಪ್ರೀಮಿಯಂ ಕಾರಿನ ಬೆಲೆಗಿಂತ ಜಾಸ್ತಿ! ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ. ಕಾರು ಬೇಡ ಎಂದೆ. ಅಡ್ವಾನ್ಸ್ ವಾಪಸ್ ಬರಲಿಲ್ಲ. ಆಗ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿತ್ತು. ಅದಕ್ಕೇ ಆ ಹುಡುಗನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಒಂದು ವ್ಯತ್ಯಾಸ ಮೊದಲು ತಲೆಗೆ ಹೋಗಬೇಕು. ನಮ್ಮಲ್ಲಿ ಇನ್ಶೂರೆನ್ಸ್ ಕಾರಿನ ಮೇಲೆ. ಥರ್ಡ್ ಪಾರ್ಟಿ, ಅಂದರೆ ಎದುರಿನವರ ನಷ್ಟಕ್ಕಷ್ಟೇ ಕೊಡುವ ಇನ್ಶೂರೆನ್ಸಿನ ಪ್ರೀಮಿಯಂ ಎಂಜಿನ್ ಸಿಸಿ ನೋಡಿ ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ದರದಲ್ಲಿ 1000ದಿಂದ 1500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಓಡಿಸುವವರು ಇಪ್ಪತ್ತರ ಹುಡುಗನೋ ಅರವತ್ತರ ಮೇಷ್ಟ್ರೋ, ರೇಟು ಒಂದೇ. ಇಂಗ್ಲೆಂಡಿನಲ್ಲಿ ಇನ್ಶೂರೆನ್ಸ್ ಬರೆಯುವುದು ಓಡಿಸುವವರನ್ನು ನೋಡಿ. ನಿಮ್ಮ ವಯಸ್ಸು, ಲೈಸೆನ್ಸ್ ಯಾವ ದೇಶದ್ದು, ಆ ದೇಶಕ್ಕೆ ಬಂದು ಎಷ್ಟು ದಿನ ಆಯಿತು, ಯಾವ ಬಡಾವಣೆಯಲ್ಲಿ ಮನೆ, ಏನು ಕೆಲಸ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಈಗ ತಾನೇ ಬಂದಿಳಿದ, ಭಾರತದ ಲೈಸೆನ್ಸಿನವರ ಬಗ್ಗೆ ಕಂಪನಿಗೆ ಏನೂ ಗೊತ್ತಿಲ್ಲ. ಹಾಗಾಗಿ ಮೊದಲ ವರ್ಷದ ರೇಟು ಜೋರಾಗಿಯೇ ಇರುತ್ತದೆ.

ಹಾಸನ ಬಿಡುವ ಮೊದಲು

ನಿಮ್ಮ ಲೈಸೆನ್ಸ್ ಹೊರಗೆ ತೆಗೆದು ಅವಧಿ ನೋಡಿ. ಮುಂದಿನ ಒಂದು ವರ್ಷದೊಳಗೆ ಮುಗಿಯುವುದಾದರೆ ಇಲ್ಲೇ ರಿನ್ಯೂ ಮಾಡಿಸಿಕೊಂಡು ಹೋಗಿ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಹಳೇ ಪುಸ್ತಕದ ಲೈಸೆನ್ಸ್ ಇದ್ದರೆ ಸ್ಮಾರ್ಟ್ ಕಾರ್ಡ್ ಮಾಡಿಸಿ. ನಮ್ಮ ಕೆಎ 13 ಆರ್‌ಟಿಒ ಕಚೇರಿ ಇರಲಿ, ಸಕಲೇಶಪುರದ ಕೆಎ 46 ಇರಲಿ, ಅರ್ಜಿ ಶುರುವಾಗುವುದು ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲೇ.

ಅಲ್ಲೇ ಲೈಸೆನ್ಸ್ ಎಕ್ಸ್‌ಟ್ರ್ಯಾಕ್ಟ್‌ಗೂ ಅರ್ಜಿ ಹಾಕಿ. ಲೈಸೆನ್ಸ್ ಮೊದಲು ಕೊಟ್ಟದ್ದು ಯಾವತ್ತು ಅನ್ನುವುದು ಅದರಲ್ಲಿ ಇರುತ್ತದೆ. "ಎಷ್ಟು ವರ್ಷದಿಂದ ಲೈಸೆನ್ಸ್ ಇದೆ?" ಎಂದು ಇನ್ಶೂರೆನ್ಸಿನವರು ಕೇಳಿಯೇ ಕೇಳುತ್ತಾರೆ. ಆಗ ತೋರಿಸಲು ಒಂದು ಕಾಗದ ಇರುತ್ತದೆ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ 1,000 ರೂಪಾಯಿ ಫೀಸು, ಒಂದು ವರ್ಷ ಬಾಳಿಕೆ. ಇಂಗ್ಲೆಂಡಿಗೆ ಇದು ಕಡ್ಡಾಯವಲ್ಲ, ನಮ್ಮ ಲೈಸೆನ್ಸೇ ನಡೆಯುತ್ತದೆ. ರಜೆಯಲ್ಲಿ ಯುರೋಪಿನ ಬೇರೆ ದೇಶಗಳಲ್ಲೂ ಓಡಿಸುವ ಆಸೆ ಇದ್ದರೆ ಮಾಡಿಸಿಕೊಳ್ಳಿ.

ಇಲ್ಲಿ ನಿಮ್ಮ ಹೆಸರಲ್ಲೇ ಕಾರು ಇದೆಯಾ? ಹಾಗಾದರೆ ಇನ್ಶೂರೆನ್ಸ್ ಕಂಪನಿಯಿಂದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಪತ್ರ ಬರೆಸಿಕೊಳ್ಳಿ. ಇಂಗ್ಲೆಂಡಿನ ಹೆಚ್ಚಿನ ಕಂಪನಿಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲವು ಮಾತ್ರ ತೆಗೆದುಕೊಳ್ಳುತ್ತವೆ, ಅದಕ್ಕೆ ಪತ್ರ ಇಂಗ್ಲಿಷಿನಲ್ಲಿ ಇರಬೇಕು. ಕಾರು ಮಾರಿ ಹೋಗುವುದಾದರೂ ಆ ಬೋನಸ್ ಇಲ್ಲಿ ಮೂರು ವರ್ಷ ನಿಮ್ಮ ಹೆಸರಲ್ಲಿ ಉಳಿಯುತ್ತದೆ. ಅಷ್ಟರಲ್ಲಿ ವಾಪಸ್ ಬಂದು ಬೇರೆ ಕಾರು ಕೊಂಡರೆ ಉಪಯೋಗಕ್ಕೆ ಬರುತ್ತದೆ. ಮಾರಿದ ಮೇಲೆ ಫಾರಂ 29, ಫಾರಂ 30ಕ್ಕೆ ಸುಮ್ನೆ ಸೈನ್ ಹಾಕಿ ಕೊಟ್ಟು ವಿಮಾನ ಹತ್ತಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾಗಿದ್ದನ್ನು ಕಣ್ಣಾರೆ ನೋಡಿ. ಹೆಸರು ನಿಮ್ಮದಿರುವವರೆಗೆ ಅಪಘಾತದ ಹೊಣೆಯೂ ನಿಮ್ಮದೇ.

ಹನ್ನೆರಡು ತಿಂಗಳ ಗಡಿಯಾರ

ಅಲ್ಲಿ ವಾಸಕ್ಕೆಂದು ಕಾಲಿಟ್ಟ ದಿನದಿಂದ 12 ತಿಂಗಳು ಮಾತ್ರ ಭಾರತದ ಲೈಸೆನ್ಸಿನಲ್ಲಿ ಓಡಿಸಬಹುದು. ಕೆಲವು ದೇಶದವರು ಲೈಸೆನ್ಸ್ ಕೊಟ್ಟು ಅಲ್ಲಿನದ್ದನ್ನು ಬದಲಿಗೆ ಪಡೆಯಬಹುದು. ಆ ಪಟ್ಟಿಯಲ್ಲಿ ಭಾರತ ಇಲ್ಲ. ನಾವು ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಪಾಸು ಮಾಡಲೇಬೇಕು.

ಹೋದ ಮೊದಲ ತಿಂಗಳೇ ಪ್ರೊವಿಷನಲ್ ಲೈಸೆನ್ಸಿಗೆ, ಅಂದರೆ ನಮ್ಮ ಎಲ್‌ಎಲ್‌ಆರ್ ಥರದ್ದಕ್ಕೆ, ಡಿವಿಎಲ್‌ಎಯಲ್ಲಿ ಅರ್ಜಿ ಹಾಕಿ. ಡಿವಿಎಲ್‌ಎ ಅಂದರೆ ಅಲ್ಲಿನ ಆರ್‌ಟಿಒ ಇದ್ದ ಹಾಗೆ. ಆನ್‌ಲೈನಲ್ಲಿ 34 ಪೌಂಡ್. ಪ್ರೊವಿಷನಲ್ ತಗೊಂಡರೆ ಎಲ್ ಬೋರ್ಡ್ ಹಾಕಬೇಕೇನೋ ಎಂದು ತುಂಬ ಜನ ಹೆದರುತ್ತಾರೆ. ಆ 12 ತಿಂಗಳೊಳಗೆ ಹಾಗೇನೂ ಇಲ್ಲ, ನಮ್ಮ ಲೈಸೆನ್ಸಿನ ಮೇಲೆ ಒಬ್ಬರೇ ಓಡಿಸಬಹುದು. ವರ್ಷ ತುಂಬಿಯೂ ಟೆಸ್ಟ್ ಪಾಸಾಗಿಲ್ಲ ಅಂದರೆ ಆಗ ಎಲ್ ಬೋರ್ಡು, ಪಕ್ಕದಲ್ಲೊಬ್ಬ ಲೈಸೆನ್ಸಿನವರು, ಎರಡೂ ಬೇಕು.

ಥಿಯರಿ ಟೆಸ್ಟಿಗೆ 23 ಪೌಂಡ್. 50 ಪ್ರಶ್ನೆಗಳಲ್ಲಿ 43 ಸರಿಯಾಗಬೇಕು. ಪ್ರಾಕ್ಟಿಕಲ್‌ಗೆ ವಾರದ ದಿನಗಳಲ್ಲಿ 62 ಪೌಂಡ್. ಅದರ ದಿನಾಂಕ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಥಿಯರಿ ಪಾಸಾದ ದಿನವೇ ಬುಕ್ ಮಾಡಿ. ಆಟೋಮ್ಯಾಟಿಕ್ ಕಾರಲ್ಲಿ ಪಾಸಾದರೆ ಗೇರ್ ಕಾರು ಓಡಿಸುವಂತಿಲ್ಲ ಅನ್ನುವುದೂ ನೆನಪಿರಲಿ. ಅಲ್ಲೂ ರಸ್ತೆಯ ಎಡಗಡೆಗೇ ಓಡಿಸುವುದು, ಸ್ಟೀರಿಂಗ್ ಬಲಗಡೆಗೇ. ಆದರೂ ಇಲ್ಲಿ ಹತ್ತು ವರ್ಷ ಓಡಿಸಿದವರು ಮೊದಲ ಸಲ ಫೇಲಾಗುವುದನ್ನು ನೋಡಿದ್ದೇನೆ. ಹಾಸನದ ಬಿ.ಎಂ. ರಸ್ತೆಯಲ್ಲಿ ನಾವು ಹಾರ್ನ್ ಮೇಲೆ ಓಡಿಸುತ್ತೇವೆ, ಅಲ್ಲಿ ಕನ್ನಡಿ ನೋಡಿ ಓಡಿಸಬೇಕು. ನಾಲ್ಕೈದು ಕ್ಲಾಸು ತಗೊಳ್ಳಿ, ಆ ದುಡ್ಡು ವ್ಯರ್ಥವಾಗುವುದಿಲ್ಲ.

ರೇಟು ನೋಡುವ ಕೆಲಸ

ಕಾರು ಹುಡುಕುವ ಮೊದಲೇ ಒಂದು ಸಂಜೆ ಇದಕ್ಕೆ ಮೀಸಲಿಡಿ. ಕಂಪೇರ್ ದಿ ಮಾರ್ಕೆಟ್, ಮನಿ ಸೂಪರ್ ಮಾರ್ಕೆಟ್, ಕನ್‌ಫ್ಯೂಸ್ಡ್ ಡಾಟ್ ಕಾಮ್, ಗೋ ಕಂಪೇರ್ ಎಂಬ ಸೈಟುಗಳಿವೆ. ಜಾಹೀರಾತಿನಲ್ಲಿ ಕಂಡ ಯಾವುದೇ ಕಾರಿನ ನಂಬರ್ ಹಾಕಿ, ನಿಮ್ಮ ವಿವರ ತುಂಬಿದರೆ ಹತ್ತಾರು ಕಂಪನಿಗಳ ರೇಟು ಒಟ್ಟಿಗೆ ಬರುತ್ತದೆ. ಕಾರು ನಿಮ್ಮದಾಗಿರಬೇಕಿಲ್ಲ, ದುಡ್ಡೂ ಕೊಡಬೇಕಿಲ್ಲ. ನಾಲ್ಕೈದು ಬೇರೆ ಬೇರೆ ಮಾಡೆಲ್ ಹಾಕಿ ನೋಡಿ. ಒಂದೇ ಬೆಲೆಯ ಎರಡು ಕಾರಿಗೆ ಇನ್ಶೂರೆನ್ಸಿನಲ್ಲಿ ನೂರಾರು ಪೌಂಡ್ ವ್ಯತ್ಯಾಸ ಬರಬಹುದು. ಅಲ್ಲಿ ಕಾರುಗಳನ್ನು 1ರಿಂದ 50ರವರೆಗೆ ಇನ್ಶೂರೆನ್ಸ್ ಗುಂಪುಗಳಾಗಿ ವಿಂಗಡಿಸಿದ್ದಾರೆ, 1 ಅಂದರೆ ಅಗ್ಗ. ಹ್ಯುಂಡೈ ಐ10, ಟೊಯೋಟಾ ಐಗೋ, ಕಿಯಾ ಪಿಕಾಂಟೋ ಥರದ ಸಣ್ಣ ಎಂಜಿನ್ನಿನವು ಕೆಳಗಿನ ಗುಂಪಿನಲ್ಲಿರುತ್ತವೆ.

ಫಾರಂ ತುಂಬುವಾಗ ಒಂದು ಸುಳ್ಳೂ ಬೇಡ. ಲೈಸೆನ್ಸ್ ಬಗೆ ಕೇಳಿದಾಗ ವಿದೇಶಿ ಲೈಸೆನ್ಸ್ ಎಂದೇ ಆರಿಸಿ. ದೇಶಕ್ಕೆ ಬಂದು ಎರಡು ತಿಂಗಳಾಗಿದ್ದರೆ ಎರಡು ತಿಂಗಳು ಎಂದೇ ಹಾಕಿ. "ಯುಕೆ ಲೈಸೆನ್ಸ್ ಅಂತ ಹಾಕು, ಯಾರು ನೋಡ್ತಾರೆ" ಎಂದು ಬುದ್ಧಿ ಹೇಳುವವರು ಅಲ್ಲೂ ಸಿಗುತ್ತಾರೆ. ಕಂತು ಕಟ್ಟುವಾಗ ಯಾರೂ ನೋಡದೆ ಇರಬಹುದು, ಆದರೆ ಕ್ಲೇಮ್ ಬಂದ ದಿನ ಎಲ್ಲವನ್ನೂ ನೋಡುತ್ತಾರೆ. ಪಾಲಿಸಿ ರದ್ದಾದರೆ ಮುಂದೆ ಎಲ್ಲಿ ಇನ್ಶೂರೆನ್ಸ್ ಕೇಳಿದರೂ ಅದನ್ನು ಹೇಳಿಕೊಳ್ಳಬೇಕಾಗುತ್ತದೆ. ಕಾರನ್ನು ದಿನಾ ಓಡಿಸುವುದು ನೀವು, ಪಾಲಿಸಿ ಮಾತ್ರ ಅಲ್ಲಿ ಹಳಬರಾದ ಸ್ನೇಹಿತರ ಹೆಸರಲ್ಲಿ, ಇದೂ ಮೋಸ ಅಂತಲೇ ಲೆಕ್ಕ.

ಬಳಕೆ ಯಾವುದಕ್ಕೆ ಅನ್ನುವ ಪ್ರಶ್ನೆಯಲ್ಲಿ ನಮ್ಮವರು ಜಾಸ್ತಿ ಎಡವುತ್ತಾರೆ. ಸ್ವಂತ ಓಡಾಟಕ್ಕೆ ಮಾತ್ರದ ಪಾಲಿಸಿಯಲ್ಲಿ ಕೆಲಸಕ್ಕೆ ಹೋಗಿ ಬರುವುದು ಸೇರುವುದಿಲ್ಲ. ದಿನಾ ಒಂದೇ ಆಸ್ಪತ್ರೆಗೆ, ಒಂದೇ ಆಫೀಸಿಗೆ ಹೋಗುವವರು ಕಮ್ಯೂಟಿಂಗ್ ಸೇರಿಸಬೇಕು. ಕೇರರ್ ಕೆಲಸದವರು ಒಂದು ಮನೆಯಿಂದ ಇನ್ನೊಂದು ಮನೆಗೆ ಕಾರಿನಲ್ಲಿ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುತ್ತಾರಲ್ಲ, ಅವರಿಗೆ ಬಿಸಿನೆಸ್ ಬಳಕೆಯ ಪಾಲಿಸಿಯೇ ಬೇಕು. ಇದನ್ನು ಕೆಲಸಕ್ಕೆ ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಥರ್ಡ್ ಪಾರ್ಟಿ ಅಗ್ಗ, ನಮ್ಮ ಕಾರಿನ ನಷ್ಟವೂ ಸೇರಿದ ಕಾಂಪ್ರೆಹೆನ್ಸಿವ್ ದುಬಾರಿ ಅನ್ನುವ ನಮ್ಮ ಲೆಕ್ಕ ಅಲ್ಲಿ ಎಷ್ಟೋ ಸಲ ಉಲ್ಟಾ. ಕಾಂಪ್ರೆಹೆನ್ಸಿವ್ ಕಡಿಮೆಗೆ ಸಿಗುವುದುಂಟು, ಎರಡನ್ನೂ ನೋಡಿ. ಎಕ್ಸೆಸ್ ಎಂದು ಇನ್ನೊಂದಿದೆ. ರಿಪೇರಿಯಲ್ಲಿ ನಿಮ್ಮ ಕೈಯಿಂದ ಹೋಗುವ ಪಾಲು ಅದು. ಕಂಪನಿ ಹೇಳಿದ್ದು 250, ನೀವಾಗಿ ಒಪ್ಪಿದ್ದು 250 ಅಂದರೆ, 600 ಪೌಂಡಿನ ರಿಪೇರಿಗೆ ಕಂಪನಿ ಕೊಡುವುದು 100 ಮಾತ್ರ. ಎಕ್ಸೆಸ್ ಏರಿಸಿದರೆ ಪ್ರೀಮಿಯಂ ಇಳಿಯುತ್ತದೆ. ಕಷ್ಟ ಬಂದ ತಿಂಗಳು ಕೈಯಲ್ಲಿ ಎಷ್ಟು ಇರುತ್ತದೋ ಅಷ್ಟಕ್ಕೇ ನಿಲ್ಲಿಸಿ.

ಕಾರಿನಲ್ಲಿ ಬ್ಲ್ಯಾಕ್ ಬಾಕ್ಸ್ ಇಟ್ಟು, ಓಡಿಸುವ ರೀತಿ ನೋಡಿ ರೇಟು ಇಳಿಸುವ ಪಾಲಿಸಿಗಳೂ ಇವೆ. ಹೊಸಬರಿಗೆ ಒಳ್ಳೆಯದೇ. ಆದರೆ ರಾತ್ರಿ ಹೊತ್ತಿನ ಓಡಾಟಕ್ಕೆ ಕೆಲವರು ಅಂಕ ಕಳೆಯುತ್ತಾರೆ. ನೈಟ್ ಡ್ಯೂಟಿ ಇರುವವರು ಷರತ್ತು ಓದಿ ಸೈನ್ ಮಾಡಿ. ತಿಂಗಳ ಕಂತಿನಲ್ಲಿ ಕಟ್ಟಿದರೆ ಸಾಮಾನ್ಯವಾಗಿ ಬಡ್ಡಿ ಸೇರಿಕೊಳ್ಳುತ್ತದೆ, ಆದಷ್ಟೂ ಒಂದೇ ಸಲ ಕಟ್ಟಿ. ಪಾಲಿಸಿ ಶುರುವಾಗುವ ದಿನಕ್ಕಿಂತ ಸುಮಾರು ಮೂರು ವಾರ ಮುಂಚೆ ನೋಡಿದರೆ ರೇಟು ಕಡಿಮೆ ಇರುತ್ತದೆ, ಹಿಂದಿನ ದಿನ ನೋಡಿದರೆ ಏರಿರುತ್ತದೆ. ಏನೇ ಆದರೂ ಪಾಲಿಸಿ ನಿಮ್ಮ ಹೆಸರಲ್ಲೇ ಇರಲಿ. ಒಂದು ವರ್ಷ ಕ್ಲೇಮ್ ಇಲ್ಲದೆ ಕಳೆದರೆ ಅಲ್ಲಿನ ನೋ ಕ್ಲೇಮ್ ಶುರುವಾಗುತ್ತದೆ, ಎರಡನೇ ವರ್ಷದ ರೇಟಿನಲ್ಲಿ ಅದು ಗೊತ್ತಾಗುತ್ತದೆ.

ನಂಬರ್ ಪ್ಲೇಟೇ ಜಾತಕ

ರೇಟು ಗೊತ್ತಾದ ಮೇಲೆ ಕಾರು ಹುಡುಕಿ. ಆಟೋ ಟ್ರೇಡರ್ ಎಂಬ ಸೈಟಿನಲ್ಲಿ ಜಾಸ್ತಿ ಸಿಗುತ್ತವೆ. ಮನೆಯಿಂದ ಕೆಲಸಕ್ಕೆ ನಾಲ್ಕೈದು ಮೈಲಿ ಮಾತ್ರ ಓಡಿಸುವವರು ಪೆಟ್ರೋಲ್ ಕಾರೇ ತಗೊಳ್ಳಿ. ಡೀಸೆಲ್ ಕಾರಿನ ಹೊಗೆ ಸೋಸುವ ಫಿಲ್ಟರ್ ಸಣ್ಣ ಓಡಾಟದಲ್ಲಿ ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ. ಲಂಡನ್‌ನಲ್ಲಿ ಇರುವವರಿಗೆ ಇನ್ನೊಂದು ಕಾರಣವೂ ಇದೆ. ಹೊಗೆ ನಿಯಮಕ್ಕೆ ಹೊಂದದ ಕಾರು ಅಲ್ಲಿ ಓಡಿದರೆ ದಿನಕ್ಕೆ 12.50 ಪೌಂಡ್. 2023ರ ಆಗಸ್ಟ್ 29ರಿಂದ ಇದು ಇಡೀ ಲಂಡನ್ನಿಗೆ ಅನ್ವಯ. ಸಾಮಾನ್ಯವಾಗಿ 2006ರಿಂದೀಚಿನ ಪೆಟ್ರೋಲ್ ಕಾರು, 2015ರ ಸೆಪ್ಟೆಂಬರಿನಿಂದೀಚಿನ ಡೀಸೆಲ್ ಕಾರು ಪಾಸಾಗುತ್ತವೆ.

ಅಲ್ಲಿನ ನಂಬರ್ ಪ್ಲೇಟಿನಲ್ಲಿ ಎರಡು ಅಕ್ಷರದ ನಂತರದ ಎರಡು ಅಂಕಿ ಕಾರಿನ ವಯಸ್ಸು ಹೇಳುತ್ತದೆ. 18 ಅಂದರೆ 2018ರ ಮಾರ್ಚ್‌ನಿಂದ ಆಗಸ್ಟ್. 68 ಅಂದರೆ ಅದೇ ವರ್ಷದ ಸೆಪ್ಟೆಂಬರಿನಿಂದ ಮುಂದಿನ ಫೆಬ್ರುವರಿ.

ನನಗೆ ತುಂಬ ಇಷ್ಟವಾದ ವ್ಯವಸ್ಥೆ ಎಂಒಟಿ. ಮೂರು ವರ್ಷ ದಾಟಿದ ಪ್ರತಿ ಕಾರನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಫೀಸು ಹೆಚ್ಚೆಂದರೆ 54.85 ಪೌಂಡ್. ಆ ಪರೀಕ್ಷೆಗಳ ಚರಿತ್ರೆ ಪೂರ್ತಿ ಸರ್ಕಾರದ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಕಾರಿನ ನಂಬರ್ ಒಂದಿದ್ದರೆ ಸಾಕು. ನಾನು ಎರಡನೇ ಸಲ ಕಾರು ಹುಡುಕುವಾಗ ಬಸ್‌ಸ್ಟಾಪಿನಲ್ಲಿ ನಿಂತೇ ಒಂದು ನಂಬರ್ ಹಾಕಿದ್ದೆ. ಜಾಹೀರಾತಿನಲ್ಲಿ 52,000 ಮೈಲಿ ಅಂತಿತ್ತು. ಎರಡು ವರ್ಷ ಹಿಂದಿನ ಪರೀಕ್ಷೆಯಲ್ಲಿ 71,000 ಅಂತ ಬರೆದಿತ್ತು! ಮೀಟರ್ ತಿರುಗಿಸಿದ್ದರು. ಫೋನ್ ಜೇಬಿಗೆ ಹಾಕಿಕೊಂಡು ಬಸ್ ಹತ್ತಿದೆ. ಅಂದ ಹಾಗೆ ಅಲ್ಲಿ ಎಲ್ಲವೂ ಮೈಲಿಯಲ್ಲಿ. 60,000 ಮೈಲಿ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 96,000 ಕಿಲೋಮೀಟರ್.

ಪಾಸೋ ಫೇಲೋ ನೋಡಿ ಬಿಡಬೇಡಿ, ಕೆಳಗಿರುವ ಅಡ್ವೈಸರಿ ಸಾಲುಗಳನ್ನು ಓದಿ. ಈಗ ಪರವಾಗಿಲ್ಲ, ಮುಂದೆ ಕೈಕೊಡಬಹುದು ಎಂದು ಪರೀಕ್ಷಕರು ಬರೆದಿಟ್ಟ ಮಾತುಗಳವು. ಬ್ರೇಕ್ ಪೈಪಿಗೆ, ಚಾಸಿಗೆ ತುಕ್ಕು ಅನ್ನುವ ಮಾತು ವರ್ಷದಿಂದ ವರ್ಷಕ್ಕೆ ಬಂದಿದ್ದರೆ ಆ ಕಾರು ಬೇಡ. ಅಲ್ಲಿ ಚಳಿಗಾಲದಲ್ಲಿ ಮಂಜು ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪು ಕಾರಿನ ಹೊಟ್ಟೆಯನ್ನು ತಿನ್ನುತ್ತದೆ.

ಎಂಒಟಿ ಹೇಳದ ಸಂಗತಿಗಳೂ ಇವೆ. ಕಾರಿನ ಮೇಲೆ ಸಾಲ ಬಾಕಿ ಇದೆಯಾ, ಕದ್ದ ಮಾಲಾ, ಅಪಘಾತವಾಗಿ ಇನ್ಶೂರೆನ್ಸಿನವರು ಕೈಬಿಟ್ಟದ್ದಾ ಅನ್ನುವುದಕ್ಕೆ ದುಡ್ಡು ಕೊಟ್ಟು ಹಿಸ್ಟರಿ ಚೆಕ್ ಮಾಡಿಸಬೇಕು. ಹಾಗೆ ಕೈಬಿಟ್ಟ ಕಾರುಗಳಲ್ಲಿ ಕೆಟಗರಿ ಎಸ್ ಅಂದರೆ ಚೌಕಟ್ಟಿಗೇ ಪೆಟ್ಟು ಬಿದ್ದದ್ದು, ಎನ್ ಅಂದರೆ ಚೌಕಟ್ಟು ಬಿಟ್ಟು ಬೇರೆ ಕಡೆ. ಮೊದಲ ಕಾರಿಗೆ ಎರಡೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಗ್ಗಕ್ಕೆ ಸಿಗುತ್ತವೆ ನಿಜ, ಆದರೆ ಇನ್ಶೂರೆನ್ಸಿಗೂ ಮಾರುವಾಗಲೂ ತೊಂದರೆ ಕೊಡುತ್ತವೆ.

ಕಾರಿನ ಹತ್ತಿರ ನಿಂತಾಗ

ಹಾಸನದಲ್ಲಾದರೆ ಗೊತ್ತಿರುವ ಮೆಕ್ಯಾನಿಕ್‌ನ ಜೊತೆಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಎಎ, ಆರ್‌ಎಸಿ ಎಂಬ ಸಂಸ್ಥೆಗಳು ದುಡ್ಡು ತಗೊಂಡು ಕಾರು ಪರೀಕ್ಷಿಸಿ ಕೊಡುತ್ತವೆ. ಪಕ್ಕದ ಗ್ಯಾರೇಜಿನವರನ್ನೂ ಕೇಳಬಹುದು. ಅದಕ್ಕೂ ಮೊದಲು ನೀವೇ ನೋಡಬೇಕಾದ್ದು ಕೆಲವಿದೆ.

ಹಗಲು ಹೊತ್ತಿನಲ್ಲಿ, ಮಳೆ ಇಲ್ಲದಾಗ ಹೋಗಿ. ಒದ್ದೆ ಬಣ್ಣದ ಮೇಲೆ ಗೀರು ಕಾಣುವುದಿಲ್ಲ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ. ತಣ್ಣಗಿರುವ ಎಂಜಿನ್ ಹೇಗೆ ಎದ್ದೇಳುತ್ತದೆ ಅನ್ನುವುದನ್ನೇ ನೋಡಬೇಕು. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಮೈ ನೋಡಿ. ಬೆಣ್ಣೆಯಂಥ ಬಿಳಿ ಜಿಗುಟು ಮೆತ್ತಿದ್ದರೆ ಎಂಜಿನ್ನಿನೊಳಗೆ ನೀರು ಸೇರುತ್ತಿರಬಹುದು. ಸಣ್ಣ ಓಡಾಟದ ಕಾರಲ್ಲಿ ಚಳಿಗೂ ಸ್ವಲ್ಪ ಹಾಗಾಗುತ್ತದೆ, ಆದರೂ ಮೆಕ್ಯಾನಿಕ್ ನೋಡದೆ ಮುಂದುವರಿಯಬೇಡಿ.

ಟೈರಿಗೆ 20 ಪೆನ್ಸ್ ನಾಣ್ಯ ಸಾಕು. ಟೈರಿನ ಸಂದಿಯಲ್ಲಿ ನಾಣ್ಯ ಇಟ್ಟಾಗ ಅದರ ಹೊರ ಅಂಚು ಕಾಣಬಾರದು. ಕಂಡರೆ ಟೈರು ಸವೆದು ಕಾನೂನಿನ 1.6 ಮಿಲಿಮೀಟರ್ ಹತ್ತಿರ ಬಂದಿದೆ ಅಂತ. ಮ್ಯಾಟ್ ಎತ್ತಿ ಕೆಳಗಿನ ಬಟ್ಟೆ ಮುಟ್ಟಿ, ತೇವ ಇದೆಯಾ ನೋಡಿ.

ವಿ5ಸಿ ಎಂಬ ಲಾಗ್‌ಬುಕ್ ಕೇಳಿ. ಅದರಲ್ಲಿರುವ ವಿಳಾಸಕ್ಕೇ ಹೋಗಿ ಕಾರು ನೋಡಿ. ವಿಂಡ್‌ಸ್ಕ್ರೀನ್ ಕೆಳಗಿರುವ ಚಾಸಿ ನಂಬರನ್ನು ಅದರೊಂದಿಗೆ ತಾಳೆ ನೋಡಿ. ಲಾಗ್‌ಬುಕ್ ಕಳೆದಿದೆ, ಆಮೇಲೆ ಕಳಿಸುತ್ತೇನೆ ಅಂದರೆ ಅಲ್ಲಿಂದಲೇ ಹೊರಡಿ. ಇನ್ನೊಂದು ಮಾತು, ಖಾಸಗಿ ಮಾರಾಟಗಾರರ ಕಾರನ್ನು ಟೆಸ್ಟ್ ಡ್ರೈವ್ ಮಾಡಲೂ ನಿಮಗೆ ಇನ್ಶೂರೆನ್ಸ್ ಬೇಕು. ಇಲ್ಲದಿದ್ದರೆ ಅವರೇ ಓಡಿಸಲಿ, ನೀವು ಪಕ್ಕದಲ್ಲಿ ಕೂತು ಕಿವಿ ಕೊಡಿ.

ಹೊಸದಾಗಿ ಹೋದವರಿಗೆ ನಾನು ಡೀಲರ್ ಹತ್ತಿರವೇ ತಗೊಳ್ಳಿ ಎನ್ನುತ್ತೇನೆ. ಸ್ವಲ್ಪ ಬೆಲೆ ಜಾಸ್ತಿ. ಆದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ, ಕೊಳ್ಳುವಾಗಲೇ ಇದ್ದ ದೋಷ 30 ದಿನದೊಳಗೆ ಹೊರಬಿದ್ದರೆ ಕಾರು ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು. "ಇದ್ದ ಹಾಗೆ ಮಾರಿದೆ" ಎಂದು ಡೀಲರ್ ಬಿಲ್ಲಿನಲ್ಲಿ ಬರೆದರೂ ಆ ಹಕ್ಕು ಹೋಗುವುದಿಲ್ಲ. ಖಾಸಗಿಯವರ ಹತ್ತಿರ ಕೊಂಡರೆ, ಅವರು ಹೇಳಿದ್ದು ಸುಳ್ಳು ಎಂದು ತೋರಿಸಿದರೆ ಮಾತ್ರ ಏನಾದರೂ ದಾರಿ. ಡೀಲರ್‌ಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಕಾರಿನ ಬೆಲೆ 100 ಪೌಂಡಿಗಿಂತ ಜಾಸ್ತಿ, 30,000 ಮೀರದೆ ಇದ್ದರೆ ಕಾರ್ಡಿನ ಬ್ಯಾಂಕೂ ಜವಾಬ್ದಾರಿ ಹೊರುತ್ತದೆ.

ಕೊಳ್ಳುವ ದಿನ

ಇಲ್ಲಿ ಕ್ರಮ ತಪ್ಪಬಾರದು. ಹಿಂದಿನವರ ಇನ್ಶೂರೆನ್ಸೂ ಟ್ಯಾಕ್ಸೂ ಕಾರಿನ ಜೊತೆ ಬರುವುದಿಲ್ಲ. ನಮ್ಮ ಲೈಫ್‌ಟೈಮ್ ಟ್ಯಾಕ್ಸ್ ಥರ ಅಲ್ಲ ಅದು. 2014ರ ಅಕ್ಟೋಬರಿನಿಂದ ಮಾರಿದ ಕೂಡಲೇ ಹಳೇ ಟ್ಯಾಕ್ಸ್ ಮುಗಿಯುತ್ತದೆ.

ಮೊದಲು ಫೋನಿನಲ್ಲೇ ಪಾಲಿಸಿ ತಗೊಂಡು ಇವತ್ತಿನ ದಿನ, ಈ ಗಂಟೆಯಿಂದ ಶುರು ಮಾಡಿ. ಸರ್ಟಿಫಿಕೇಟ್ ಇಮೇಲ್‌ಗೆ ಬಂತಾ ನೋಡಿ. ಆಮೇಲೆ ಬ್ಯಾಂಕ್ ಮೂಲಕ ದುಡ್ಡು ಕಳಿಸಿ ರಸೀದಿ ತಗೊಳ್ಳಿ. ಮಾರಿದವರು ನಿಮ್ಮ ಎದುರೇ ಆನ್‌ಲೈನಲ್ಲಿ ಡಿವಿಎಲ್‌ಎಗೆ ತಿಳಿಸಲಿ. ಲಾಗ್‌ಬುಕ್ಕಿನ ಹಸಿರು ಚೀಟಿ ಹರಿದು ನಿಮಗೆ ಕೊಡುತ್ತಾರೆ. ಅದರಲ್ಲಿ 12 ಅಂಕಿಯ ನಂಬರ್ ಇರುತ್ತದೆ. ಅದನ್ನು ಹಾಕಿ ಅಲ್ಲೇ ಟ್ಯಾಕ್ಸ್ ಕಟ್ಟಿ. ಆಮೇಲೇ ಕೀಲಿ ತಿರುಗಿಸಿ. ಹೊಸ ಲಾಗ್‌ಬುಕ್ ಅಂಚೆಯಲ್ಲಿ ಬರುತ್ತದೆ.

ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ತಪ್ಪಿನ ಲೆಕ್ಕಕ್ಕೆ ಲೈಸೆನ್ಸಿಗೆ 6 ಪಾಯಿಂಟ್. ಕಾರನ್ನೂ ಎಳೆದುಕೊಂಡು ಹೋಗಬಹುದು. ರಸ್ತೆ ಬದಿಯ ಕ್ಯಾಮೆರಾ ನಂಬರ್ ಓದಿದ ಕ್ಷಣದಲ್ಲೇ ಪೊಲೀಸರಿಗೆ ಗೊತ್ತಾಗುತ್ತದೆ. ಮನೆಗೆ ಎರಡೇ ಮೈಲಿ ಇದೆ ಎಂದೂ ಓಡಿಸಬೇಡಿ.

ಆಮೇಲೆ

ಮನೆ ಬದಲಿಸಿದರೆ, ಕೆಲಸ ಬದಲಿಸಿದರೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ಟೆಸ್ಟ್ ಪಾಸಾಗಿ ಅಲ್ಲಿನ ಲೈಸೆನ್ಸ್ ಬಂದ ದಿನವೂ ತಿಳಿಸಿ, ರೇಟು ಇಳಿಯುವುದುಂಟು. ಸಣ್ಣದಾಗಿ ಯಾರಿಗೋ ತಾಗಿಸಿ, ಅಲ್ಲೇ ಮಾತಾಡಿಕೊಂಡು ಮುಗಿಸಿದರೂ ಕಂಪನಿಗೆ ಹೇಳಬೇಕು. ಕ್ಲೇಮ್ ಮಾಡುವುದು ಬಿಡುವುದು ಬೇರೆ ಮಾತು. ಊರಿಗೆ ವಾಪಸ್ ಹೊರಟಾಗ ಕಾರು ಮಾರಿ ಡಿವಿಎಲ್‌ಎಗೆ ತಿಳಿಸಿದರೆ ಉಳಿದ ಪೂರ್ತಿ ತಿಂಗಳುಗಳ ಟ್ಯಾಕ್ಸ್ ವಾಪಸ್ ಬರುತ್ತದೆ.

ಆ ಹುಡುಗ ಮುಂದಿನ ತಿಂಗಳು ಹೊರಡುತ್ತಾನೆ. ನಿನ್ನೆ ರಾತ್ರಿ ಮೆಸೇಜ್ ಮಾಡಿದ್ದ. ಹೋಗಿ ಇರಬೇಕಾದ ಊರಿನ ಪಿನ್‌ಕೋಡ್ ಹಾಕಿ ಆರು ಕಾರಿಗೆ ರೇಟು ನೋಡಿದ್ದಾನಂತೆ. "ಅಕ್ಕ, ನಾನು ಇಷ್ಟಪಟ್ಟಿದ್ದಕ್ಕೆ ಐ10ನ ಎರಡರಷ್ಟು ಹೇಳ್ತಿದೆ" ಅಂದ. ಐ10ನ ನಂಬರ್ ಕಳಿಸು ಅಂದೆ. ಇಬ್ಬರೂ ಕೂತು ಅದರ ಎಂಒಟಿ ಓದಿದೆವು. ಎರಡು ವರ್ಷದಿಂದ ಹಿಂದಿನ ಬ್ರೇಕ್ ಪೈಪಿಗೆ ತುಕ್ಕು ಅಂತ ಬರೆದಿದೆ. ಬೇರೆ ಹುಡುಕುತ್ತಿದ್ದಾನೆ.